ಕೋರ್‌ಗಳ ಲೆಕ್ಕ ಸಾಲದು, ರೇಖೆ ತೋರಿಸಿ

2010ರಲ್ಲಿ ಅಮೆರಿಕದ ಎಂಐಟಿಯ ಸಂಶೋಧಕರು ಒಂದು ಕಂಪ್ಯೂಟರನ್ನು ಪರೀಕ್ಷೆಗೆ ಒಡ್ಡಿದರು. ಅದರಲ್ಲಿದ್ದದ್ದು ಎಎಂಡಿ ಕಂಪನಿಯ ಎಂಟು ಆಪ್ಟೆರಾನ್ ಚಿಪ್‌ಗಳು. ಒಂದೊಂದರಲ್ಲಿ ಸ್ವತಂತ್ರವಾಗಿ ಲೆಕ್ಕ ಮಾಡಬಲ್ಲ ಆರು ಘಟಕ, ಅಂದರೆ ಕೋರ್, ಒಟ್ಟು 48. ಅದಕ್ಕೆ ಲಿನಕ್ಸ್ ಹಾಕಿ, ದಿನಬಳಕೆಯ ಏಳು ತಂತ್ರಾಂಶಗಳನ್ನು ಓಡಿಸಿದರು: ಇಮೇಲ್ ಸರ್ವರ್ ಎಕ್ಸಿಮ್, ವೆಬ್ ಸರ್ವರ್ ಅಪಾಚೆ, ಡೇಟಾಬೇಸ್ ಪೋಸ್ಟ್‌ಗ್ರೆಸ್‌ಕ್ಯುಎಲ್ ಮೊದಲಾದವು. ಡಿಸ್ಕಿನ ನಿಧಾನಗತಿ ಲೆಕ್ಕ ಕೆಡಿಸಬಾರದೆಂದು ಫೈಲ್‌ಗಳನ್ನು ಮೆಮೊರಿಯಲ್ಲೇ ಇರಿಸುವ ಏರ್ಪಾಡು ಮಾಡಿದರು. ಆಮೇಲೆ ಒಂದು ಕೋರ್‌ನಿಂದ ಆರಂಭಿಸಿ, ಹಂತಹಂತವಾಗಿ ಕೋರ್‌ಗಳನ್ನು ಸೇರಿಸುತ್ತ, ಪ್ರತಿ ಹಂತದಲ್ಲೂ ಎಷ್ಟು ಕೆಲಸ ಆಯಿತೆಂದು ಅಳೆದರು.

ಏಳರಲ್ಲಿ ಆರು ತಂತ್ರಾಂಶಗಳು ಲಿನಕ್ಸ್‌ನ ತಿರುಳಾದ ಕರ್ನಲ್‌ನ ಒಳಗೇ ಎಲ್ಲೋ ಒಂದು ಕಡೆ ಸಿಕ್ಕಿಹಾಕಿಕೊಂಡವು. ಎಕ್ಸಿಮ್‌ನದು ಎಲ್ಲಕ್ಕಿಂತ ಹೆಚ್ಚು ಪಾಠ ಕಲಿಸುವ ಕಥೆ. ಕೋರ್‌ಗಳು ಹೆಚ್ಚಿದಂತೆ ಮೊದಲು ಅದರ ವೇಗವೂ ಹೆಚ್ಚಿತು. ಒಂದು ಹಂತ ದಾಟಿದ ಮೇಲೆ ಏರಿಕೆ ನಿಂತು ಇಳಿಕೆ ಶುರುವಾಯಿತು. ಹೊಸ ಕೋರ್ ಸೇರಿಸಿದರೆ ಸೆಕೆಂಡಿಗೆ ರವಾನೆಯಾಗುವ ಇಮೇಲ್‌ಗಳ ಸಂಖ್ಯೆ ಕಡಿಮೆಯಾಗುತ್ತಿತ್ತು. ಅದಕ್ಕೆ ಪ್ರೊಸೆಸರ್‌ನ ದೋಷ ಕಾರಣವಲ್ಲ, ಮೆಮೊರಿಯ ಕೊರತೆಯೂ ಅಲ್ಲ. ಡಿಸ್ಕಂತೂ ಲೆಕ್ಕದಲ್ಲೇ ಇರಲಿಲ್ಲ.

ಎಕ್ಸಿಮ್ ಒಂದೊಂದು ಇಮೇಲ್‌ಗೂ ಹಲವು ಸಣ್ಣ ಫೈಲ್‌ಗಳನ್ನು ಸೃಷ್ಟಿಸುತ್ತದೆ, ತೆರೆಯುತ್ತದೆ, ಅಳಿಸುತ್ತದೆ. ಹೆಸರು ಹಿಡಿದು ಫೈಲನ್ನು ಹುಡುಕುವಾಗಲೆಲ್ಲ ಕರ್ನಲ್ ಒಂದು ಪಟ್ಟಿಯನ್ನು ನೋಡಬೇಕು. ಯಾವ ಫೈಲ್ ಸಿಸ್ಟಮ್ ಯಾವ ಫೋಲ್ಡರಿಗೆ ಜೋಡಣೆಯಾಗಿದೆ ಎಂಬುದು ಆ ಪಟ್ಟಿಯಲ್ಲಿರುತ್ತದೆ. ಪಟ್ಟಿ ಬದಲಾಗುವುದು ತೀರಾ ಅಪರೂಪ. ಆದರೂ ಅದಕ್ಕೊಂದು ಲಾಕ್ ಇತ್ತು, ಒಮ್ಮೆಗೆ ಒಂದೇ ಕೋರ್ ಹಿಡಿಯಬಲ್ಲ ಬೀಗ; 48 ಕೋರ್‌ಗಳಿಗೂ ಅದೊಂದೇ ಲಾಕ್. ಲಾಕ್ ಹಿಡಿದು ಮಾಡುವ ಕೆಲಸ ಬೆರಳೆಣಿಕೆಯ ಸೂಚನೆಗಳಷ್ಟು. ಅಷ್ಟು ಪುಟ್ಟ ಕೆಲಸವೇ ಇಡೀ ಯಂತ್ರವನ್ನು ಕಟ್ಟಿಹಾಕಿತು.

ಇದನ್ನು ಸರಿಪಡಿಸಲು ಹೊಸ ಯಂತ್ರ ಬೇಕಾಗಲಿಲ್ಲ. ಪ್ರತಿ ಕೋರ್‌ಗೂ ಆ ಪಟ್ಟಿಯ ಸ್ವಂತ ಪ್ರತಿ ಕೊಟ್ಟರು. ಇಂಥದೇ ಉಳಿದ ತೊಡಕುಗಳನ್ನೂ ಬಿಡಿಸಲು ಕರ್ನಲ್‌ನಲ್ಲಿ ಒಟ್ಟು 3002 ಸಾಲುಗಳ ಬದಲಾವಣೆ ಸಾಕಾಯಿತು. ಲಕ್ಷಾಂತರ ಸಾಲುಗಳ ಕರ್ನಲ್‌ನಲ್ಲಿ ಅದು ಅತ್ಯಲ್ಪ. ಆದರೆ ಅಳೆಯದೇ ಹೋಗಿದ್ದರೆ ಆ ಸಾಲುಗಳು ಎಲ್ಲಿವೆಯೆಂದೇ ತಿಳಿಯುತ್ತಿರಲಿಲ್ಲ. ಒಂದು ಕೋರ್‌ನಲ್ಲಿ ಮಾತ್ರ ಅಳೆದಿದ್ದರೂ ತಿಳಿಯುತ್ತಿರಲಿಲ್ಲ, 48ರಲ್ಲಿ ಮಾತ್ರ ಅಳೆದಿದ್ದರೂ ತಿಳಿಯುತ್ತಿರಲಿಲ್ಲ. ಗುಟ್ಟು ಬಯಲಾದದ್ದು ಒಂದರಿಂದ 48ರವರೆಗೆ ಎಳೆದ ರೇಖೆಯಲ್ಲಿ.

ಕಂಪ್ಯೂಟರುಗಳನ್ನು ಅಳೆಯುವ ಪರೀಕ್ಷೆಗಳಿಗೆ, ಅಂದರೆ ಬೆಂಚ್‌ಮಾರ್ಕ್‌ಗಳಿಗೆ, ಸಂಬಂಧಿಸಿ ನಾನು ಹೇಳಬೇಕೆಂದಿರುವುದು ಇದನ್ನೇ. ಹಲವು ಪ್ರೊಸೆಸರ್‌ಗಳ ಯಂತ್ರಕ್ಕೆ ‘ಇದರ ವೇಗ ಇಷ್ಟು’ ಎಂಬ ಒಂಟಿ ಸಂಖ್ಯೆ ಯಾವತ್ತೂ ಸಾಲದು. ಕೋರ್‌ಗಳು ಹೆಚ್ಚಿದಂತೆ ವೇಗ ಹೇಗೆ ಬದಲಾಯಿತು, ಯಾವ ಸ್ಥಿತಿಯಲ್ಲಿ ಅಳೆದರು ಎಂಬ ಎರಡು ವಿವರಗಳಿಲ್ಲದ ಸಂಖ್ಯೆ ನಮ್ಮನ್ನು ದಾರಿ ತಪ್ಪಿಸುತ್ತದೆ.

ರೇಖೆ ಏಕೆ ಬಾಗುತ್ತದೆ?

ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ಡಾಲ್ 1967ರಲ್ಲೇ ಇದರ ಅರ್ಧ ಉತ್ತರ ಕೊಟ್ಟಿದ್ದರು. ಯಾವುದೇ ಕೆಲಸದಲ್ಲಿ ಹಂಚಿಕೊಂಡು ಮಾಡಬಹುದಾದ ಭಾಗವೂ ಇರುತ್ತದೆ, ಒಂದಾದ ಮೇಲೊಂದರಂತೆ ಮಾಡಲೇಬೇಕಾದ ಭಾಗವೂ ಇರುತ್ತದೆ. ಎರಡನೆಯದು ಬರೀ ಶೇ 5ರಷ್ಟಿದ್ದರೂ 48 ಕೋರ್‌ಗಳಿಂದ ಸಿಗುವ ವೇಗ 48 ಪಟ್ಟಲ್ಲ, 14 ಪಟ್ಟಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಸಾವಿರಾರು ಕೋರ್ ಸೇರಿಸಿದರೂ 20 ಪಟ್ಟನ್ನು ದಾಟಲಾಗದು.

ಆದರೆ ಆಮ್ಡಾಲ್ ಸೂತ್ರದ ರೇಖೆ ಏರಿ ಏರಿ ಮಟ್ಟಸವಾಗುತ್ತದೆಯೇ ಹೊರತು ಕೆಳಗೆ ಬೀಳುವುದಿಲ್ಲ. ಎಕ್ಸಿಮ್‌ನ ರೇಖೆ ಬಿದ್ದಿತ್ತು. ಆ ಬೀಳುವಿಕೆಯ ಗುಟ್ಟು ಕ್ಯಾಶ್ ಮೆಮೊರಿಯಲ್ಲಿದೆ. ಪ್ರತಿ ಕೋರ್‌ಗೂ ಅದರದೇ ಆದ ಪುಟ್ಟ, ಅತಿವೇಗದ ಕ್ಯಾಶ್ ಇರುತ್ತದೆ. ಮುಖ್ಯ ಮೆಮೊರಿಯಿಂದ ದತ್ತಾಂಶ ಅದರೊಳಗೆ ಬರುವುದು ಸಾಮಾನ್ಯವಾಗಿ 64 ಬೈಟ್‌ಗಳ ತುಣುಕುಗಳಾಗಿ. ಒಂದು ಕೋರ್ ಆ ತುಣುಕಿನಲ್ಲಿ ಏನನ್ನಾದರೂ ಬರೆಯಬೇಕೆಂದರೆ ಮಿಕ್ಕೆಲ್ಲ ಕೋರ್‌ಗಳಲ್ಲಿರುವ ಪ್ರತಿಗಳು ರದ್ದಾಗಬೇಕು. ಲಾಕ್ ಕೂಡ ಮೆಮೊರಿಯಲ್ಲಿರುವ ಒಂದು ಸಂಖ್ಯೆಯೇ. 40 ಕೋರ್‌ಗಳು ಆ ಸಂಖ್ಯೆಯ ಮೇಲೆ ಕಣ್ಣಿಟ್ಟು ಕಾಯುತ್ತಿದ್ದರೆ, ಲಾಕ್ ಒಮ್ಮೆ ಕೈ ಬದಲಾದಾಗ ಆ ನಲವತ್ತೂ ಅದೇ 64 ಬೈಟ್‌ಗಳನ್ನು ಮತ್ತೆ ತರಿಸಿಕೊಳ್ಳಬೇಕು. ಕಾಯುವವರು ಹೆಚ್ಚಿದಷ್ಟೂ ಲಾಕ್ ಬಿಟ್ಟುಕೊಡುವ ಕ್ರಿಯೆಯೇ ನಿಧಾನವಾಗುತ್ತದೆ. ಅದು ನಿಧಾನವಾದಷ್ಟೂ ಕಾಯುವವರು ಇನ್ನೂ ಹೆಚ್ಚುತ್ತಾರೆ. ಹೀಗೆ ಸುತ್ತಿಕೊಂಡ ಉರುಳಿನಲ್ಲಿ ವೇಗ ನೆಲಕಚ್ಚುತ್ತದೆ. ಪ್ರತಿ ಕೋರ್ ತನ್ನದೇ ಜಾಗದಲ್ಲಿ ಕಾಯುವಂತೆ ಮಾಡುವ ಲಾಕನ್ನು ಜಾನ್ ಮೆಲರ್-ಕ್ರಮ್ಮಿ ಮತ್ತು ಮೈಕೆಲ್ ಸ್ಕಾಟ್ 1991ರಲ್ಲೇ ರೂಪಿಸಿದ್ದರು. ಪರಿಹಾರ ಇತ್ತು, ಅದು ಎಲ್ಲಿ ಬೇಕು ಎಂದು ತೋರಿಸಿಕೊಡಲು ಪರೀಕ್ಷೆ ಬೇಕಾಯಿತು.

ಮೆಮೊರಿಗೆ ಕೇಳುವ ಎರಡು ಪ್ರಶ್ನೆ

ಮೆಮೊರಿಯನ್ನು ಅಳೆಯುವವರು ಅದಕ್ಕೆ ಎರಡು ಬೇರೆ ಬೇರೆ ಪ್ರಶ್ನೆ ಕೇಳುತ್ತಾರೆ. ಕೇಳಿದ ಒಂದು ವಸ್ತು ಎಷ್ಟು ಹೊತ್ತಿಗೆ ಬರುತ್ತದೆ? ಒಂದು ಸೆಕೆಂಡಿನಲ್ಲಿ ಒಟ್ಟು ಎಷ್ಟು ಬರುತ್ತದೆ? ಮೊದಲನೆಯದು ಲೇಟೆನ್ಸಿ, ಎರಡನೆಯದು ಬ್ಯಾಂಡ್‌ವಿಡ್ತ್. ಒಂದರಲ್ಲಿ ಉತ್ತಮವಾದ ಯಂತ್ರ ಇನ್ನೊಂದರಲ್ಲಿ ಸಾಧಾರಣ ಇರಬಹುದು.

ಲೇಟೆನ್ಸಿ ಅಳೆಯಲು ಲ್ಯಾರಿ ಮೆಕ್‌ವಾಯ್ ಮತ್ತು ಕಾರ್ಲ್ ಸ್ಟೀಲಿನ್ 1996ರಲ್ಲಿ ಪ್ರಕಟಿಸಿದ ಎಲ್‌ಎಂಬೆಂಚ್ ಒಂದು ಜಾಣ ಉಪಾಯ ಮಾಡುತ್ತದೆ. ಮೆಮೊರಿಯ ಒಂದು ಮನೆಯಲ್ಲಿ ಮುಂದಿನ ಮನೆಯ ವಿಳಾಸ, ಅಲ್ಲಿಗೆ ಹೋದರೆ ಅದರ ಮುಂದಿನದರ ವಿಳಾಸ. ಮೊದಲನೆಯದು ಬಾರದೆ ಎರಡನೆಯದನ್ನು ಕೇಳುವ ಹಾಗೇ ಇಲ್ಲ. ಹಾಗಾಗಿ ಪ್ರೊಸೆಸರ್ ಹಲವು ಬೇಡಿಕೆಗಳನ್ನು ಒಟ್ಟಿಗೆ ಕಳಿಸಿ ಕಾಯುವ ಹೊತ್ತನ್ನು ಮುಚ್ಚಿಡಲಾರದು. ಓಡಾಡುವ ಜಾಗದ ಗಾತ್ರವನ್ನು ಹೆಚ್ಚಿಸುತ್ತ ಹೋದರೆ ಮೆಟ್ಟಿಲುಗಳಂಥ ರೇಖೆ ಮೂಡುತ್ತದೆ. ಈಗಿನ ಯಂತ್ರಗಳಲ್ಲಿ ಮೊದಲ ಹಂತದ ಕ್ಯಾಶ್‌ನೊಳಗೆ ಒಂದು ನ್ಯಾನೊಸೆಕೆಂಡಿನ ಆಸುಪಾಸು, ಎರಡನೆಯದರಲ್ಲಿ ಕೆಲವು, ಮೂರನೆಯದರಲ್ಲಿ ಹತ್ತಾರು. ಕ್ಯಾಶ್ ಎಲ್ಲ ತುಂಬಿ ಮುಖ್ಯ ಮೆಮೊರಿಗೆ ಹೋಗಬೇಕಾದಾಗ ನೂರರ ಆಸುಪಾಸು. ಪ್ರೊಸೆಸರ್‌ನ ವೇಗ ಏರಿದಷ್ಟು ಮೆಮೊರಿಯ ವೇಗ ಏರುತ್ತಿಲ್ಲ, ಮುಂದೊಂದು ದಿನ ಗೋಡೆಗೆ ಹಾಯುತ್ತೇವೆ ಎಂದು ವಿಲಿಯಂ ವುಲ್ಫ್ ಮತ್ತು ಸ್ಯಾಲಿ ಮೆಕೀ 1995ರಲ್ಲಿ ಎಚ್ಚರಿಸಿದ್ದು ಈ ಅಂತರವನ್ನು ಕಂಡೇ.

ಬ್ಯಾಂಡ್‌ವಿಡ್ತ್ ಅಳೆಯಲು ಜಗತ್ತು ನೆಚ್ಚಿಕೊಂಡಿರುವುದು ಜಾನ್ ಮೆಕ್ಯಾಲ್ಪಿನ್ ಬರೆದ ಸ್ಟ್ರೀಮ್ ಎಂಬ ಪುಟ್ಟ ಪ್ರೋಗ್ರಾಮನ್ನು. ಅದು ಮಾಡುವುದು ನಾಲ್ಕೇ ಕೆಲಸ: ಸಂಖ್ಯೆಗಳ ಉದ್ದನೆಯ ಸಾಲೊಂದನ್ನು ನಕಲು ಮಾಡುವುದು, ಒಂದು ಸ್ಥಿರ ಸಂಖ್ಯೆಯಿಂದ ಗುಣಿಸುವುದು, ಎರಡು ಸಾಲುಗಳನ್ನು ಕೂಡಿಸುವುದು, ಕೊನೆಗೆ ಗುಣಿಸಿ ಕೂಡಿಸುವುದು. ನಾಲ್ಕನೆಯದರ ಹೆಸರು ಟ್ರಯಡ್. ಇಷ್ಟು ಸರಳವಾದದ್ದು ಮೂವತ್ತಕ್ಕೂ ಹೆಚ್ಚು ವರ್ಷ ಬಾಳಿದ್ದಕ್ಕೆ ಅದರ ನಿಯಮಗಳೇ ಕಾರಣ. ಪ್ರತಿ ಸಾಲಿನ ಗಾತ್ರ ಯಂತ್ರದ ಕೊನೆಯ ಹಂತದ ಕ್ಯಾಶ್‌ಗಳ ಒಟ್ಟು ಗಾತ್ರಕ್ಕಿಂತ ಕನಿಷ್ಠ ನಾಲ್ಕು ಪಟ್ಟು ಇರಬೇಕು ಎನ್ನುವುದು ಅವುಗಳಲ್ಲಿ ಮುಖ್ಯ. ಈ ನಿಯಮ ಮುರಿದರೆ ಪರೀಕ್ಷೆ ಕ್ಯಾಶ್‌ನೊಳಗೇ ಸುತ್ತಾಡಿ, ಬಾಯಿ ತೆರೆದು ನೋಡುವಂಥ ಅಂಕಿಯನ್ನು ಕೊಡುತ್ತದೆ. ಆ ಅಂಕಿ ಮೆಮೊರಿಯದಲ್ಲ.

ಬೆಂಗಳೂರಿನ ಒಂದು ಯಂತ್ರವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಕೆಲಸ ಆರಂಭಿಸಿದ ಪರಮ್ ಪ್ರವೇಗ ಸೂಪರ್‌ಕಂಪ್ಯೂಟರಿನ ಗರಿಷ್ಠ ಸಾಮರ್ಥ್ಯ 3.3 ಪೆಟಾಫ್ಲಾಪ್, ಅಂದರೆ ಸೆಕೆಂಡಿಗೆ 3,300 ಲಕ್ಷ ಕೋಟಿ ಲೆಕ್ಕ. ಅದರಲ್ಲಿರುವುದು ಇಂಟೆಲ್‌ನ ಕ್ಯಾಸ್ಕೇಡ್ ಲೇಕ್ ಪೀಳಿಗೆಯ ಜಿಯಾನ್ ಪ್ರೊಸೆಸರ್‌ಗಳು. ಆ ಪೀಳಿಗೆಯ 8268 ಎಂಬ ಮಾದರಿಯಲ್ಲಿ 24 ಕೋರ್. ಅಂಥ ಎರಡು ಚಿಪ್ ಕೂಡಿಸಿದರೆ, ಅದರ 2.9 ಗಿಗಾಹರ್ಟ್ಸ್ ವೇಗದಲ್ಲಿ, ಕಾಗದದ ಮೇಲಿನ ಗರಿಷ್ಠ ಸಾಮರ್ಥ್ಯ ಸೆಕೆಂಡಿಗೆ ಸುಮಾರು 4,45,000 ಕೋಟಿ ಲೆಕ್ಕ. ಇನ್ನು ಮೆಮೊರಿಯ ಕಡೆ ನೋಡಿ. ಪ್ರತಿ ಚಿಪ್‌ಗೆ ಆರು ಮೆಮೊರಿ ಚಾನೆಲ್. ಎರಡೂ ಸೇರಿ ಸೆಕೆಂಡಿಗೆ ಗರಿಷ್ಠ 281.6 ಗಿಗಾಬೈಟ್. 48 ಕೋರ್‌ಗಳಿಗೆ ಹಂಚಿದರೆ ತಲಾ ಆರು ಗಿಗಾಬೈಟ್‌ಗೂ ಕಡಿಮೆ. ಟ್ರಯಡ್‌ನಲ್ಲಿ ಎರಡು ಲೆಕ್ಕಕ್ಕೆ 24 ಬೈಟ್ ಓಡಾಡಬೇಕು. ಹಾಗಾಗಿ ಮೆಮೊರಿ ಸಂಪೂರ್ಣ ದಕ್ಷತೆಯಿಂದ ದುಡಿದರೂ ಸೆಕೆಂಡಿಗೆ ಸಾಧ್ಯವಾಗುವುದು ಸುಮಾರು 2,347 ಕೋಟಿ ಲೆಕ್ಕ. ಗರಿಷ್ಠ ಸಾಮರ್ಥ್ಯದ 190ರಲ್ಲಿ ಒಂದು ಪಾಲು. ಊರೂಟದ ಅಡುಗೆಮನೆಯಲ್ಲಿ 48 ಬಾಣಸಿಗರು ಸಜ್ಜಾಗಿ ನಿಂತಿದ್ದರೂ ಉಗ್ರಾಣದ ಬಾಗಿಲಿನಿಂದ ಅಕ್ಕಿ-ಬೇಳೆ ಹೊರಬರುವ ವೇಗಕ್ಕೇ ಊಟ ಸಿದ್ಧವಾಗುವುದು.

ಇದು ಆ ಯಂತ್ರದ ಕೊರತೆಯಲ್ಲ. ಇವತ್ತಿನ ಎಲ್ಲ ದೊಡ್ಡ ಯಂತ್ರಗಳ ಸ್ವಭಾವವೇ ಹೀಗೆ. ಜಪಾನಿನ ಫುಗಾಕು 2020ರಲ್ಲಿ ಲಿನ್‌ಪ್ಯಾಕ್ ಪರೀಕ್ಷೆಯಲ್ಲಿ 442 ಪೆಟಾಫ್ಲಾಪ್ ತೋರಿಸಿ ಜಗತ್ತಿಗೇ ಮೊದಲಾಯಿತು. ಮೆಮೊರಿಯನ್ನು ಹೆಚ್ಚು ದುಡಿಸುವ ಎಚ್‌ಪಿಸಿಜಿ ಪರೀಕ್ಷೆಯಲ್ಲೂ ಅದೇ ಮೊದಲು, ಆದರೆ ಅಲ್ಲಿ ಅದು ತೋರಿಸಿದ್ದು 16 ಪೆಟಾಫ್ಲಾಪ್. ಎರಡೂ ಸಂಖ್ಯೆ ನಿಜ. ಹವಾಮಾನದ ಮಾದರಿ, ದ್ರವದ ಹರಿವಿನ ಲೆಕ್ಕಾಚಾರ ಮುಂತಾದ ಕೆಲಸಗಳನ್ನು ಹೊತ್ತು ತರುವ ವಿಜ್ಞಾನಿಗೆ ಹೆಚ್ಚು ಹತ್ತಿರದ್ದು ಎರಡನೆಯದು.

ಹತ್ತಿರದ ಮೆಮೊರಿ, ದೂರದ ಮೆಮೊರಿ

ಎರಡು ಚಿಪ್‌ಗಳ ಯಂತ್ರದಲ್ಲಿ ಮೆಮೊರಿಯೂ ಎರಡು ಪಾಲಾಗಿರುತ್ತದೆ. ಪ್ರತಿ ಚಿಪ್‌ಗೂ ಒಂದು ಪಾಲು ಪಕ್ಕದಲ್ಲೇ ಇರುತ್ತದೆ. ಇನ್ನೊಂದು ಪಾಲಿಗೆ ಹೋಗಲು ಮತ್ತೊಂದು ಚಿಪ್‌ನ ಮೂಲಕ ದಾರಿ. ಈ ರಚನೆಗೆ ನ್ಯೂಮಾ ಎಂದು ಹೆಸರು. 2003ರಲ್ಲಿ ಎಎಂಡಿ ತನ್ನ ಆಪ್ಟೆರಾನ್ ಚಿಪ್‌ನೊಳಗೇ ಮೆಮೊರಿ ನಿಯಂತ್ರಕವನ್ನು ಇಟ್ಟಾಗ, 2008ರಲ್ಲಿ ಇಂಟೆಲ್ ನೆಹಾಲೆಮ್ ಪೀಳಿಗೆಯಲ್ಲಿ ಅದೇ ಹಾದಿ ಹಿಡಿದಾಗ, ಸಾಮಾನ್ಯ ಸರ್ವರ್‌ಗಳಿಗೂ ಇದು ಬಂತು. ದೂರದ ಪಾಲಿನಿಂದ ತರಲು ತಗಲುವ ಹೊತ್ತು ಹತ್ತಿರದ್ದಕ್ಕಿಂತ ಸಾಮಾನ್ಯವಾಗಿ ಒಂದೂವರೆಯಿಂದ ಎರಡು ಪಟ್ಟು.

ಇಲ್ಲಿ ಅಳೆಯುವವರು ಎಡವುವ ಒಂದು ಸೂಕ್ಷ್ಮವಿದೆ. ಪ್ರೋಗ್ರಾಮ್ ಮೆಮೊರಿ ಕೇಳಿದ ಕೂಡಲೇ ಲಿನಕ್ಸ್ ನಿಜವಾದ ಜಾಗ ಕೊಡುವುದಿಲ್ಲ. ಯಾವ ಕೋರ್ ಆ ಜಾಗವನ್ನು ಮೊದಲು ಮುಟ್ಟುತ್ತದೋ ಅದರ ಪಕ್ಕದ ಪಾಲಿನಲ್ಲಿ ಕೊಡುತ್ತದೆ. ಒಬ್ಬ ಪ್ರೋಗ್ರಾಮರ್ ಒಂದೇ ಥ್ರೆಡ್‌ನಿಂದ, ಅಂದರೆ ಕೆಲಸದ ಒಂದೇ ಎಳೆಯಿಂದ, ಇಡೀ ಸಾಲಿಗೆ ಸೊನ್ನೆ ತುಂಬಿಸಿ, ಆಮೇಲೆ 48 ಥ್ರೆಡ್‌ಗಳಿಗೆ ಹಂಚಿದನೆನ್ನಿ. ದತ್ತಾಂಶವೆಲ್ಲ ಒಂದೇ ಚಿಪ್‌ನ ಪಕ್ಕ ಸೇರಿರುತ್ತದೆ. ಅರ್ಧದಷ್ಟು ಚಾನೆಲ್‌ಗಳು ಕೆಲಸವಿಲ್ಲದೆ ಕೂತಿರುತ್ತವೆ, ಇನ್ನರ್ಧಕ್ಕೆ 48 ಕೋರ್‌ಗಳೂ ಮುಗಿಬೀಳುತ್ತವೆ. ಸ್ಟ್ರೀಮ್ ಸಾಲುಗಳಿಗೆ ಆರಂಭದ ಸಂಖ್ಯೆ ತುಂಬುವ ಕೆಲಸವನ್ನೂ ಎಲ್ಲ ಥ್ರೆಡ್‌ಗಳಿಗೆ ಹಂಚಿರುವುದು ಇದಕ್ಕಾಗಿಯೇ. ಲಿನಕ್ಸ್‌ನಲ್ಲಿ ನ್ಯೂಮಾಕಂಟ್ರೋಲ್ ಎಂಬ ಸಾಧನವಿದೆ. ಯಾವ ಕೋರ್, ಯಾವ ಪಾಲಿನ ಮೆಮೊರಿ ಎಂದು ಅದರಿಂದ ಕಟ್ಟುಹಾಕಬಹುದು. ಕಟ್ಟುಹಾಕದೆ ಅಳೆದರೆ ಬೆಳಿಗ್ಗೆ ಬಂದ ಉತ್ತರ ಮಧ್ಯಾಹ್ನ ಬಾರದಿರಬಹುದು.

ಡಿಸ್ಕ್ ಎಂದುಕೊಂಡದ್ದು ಮೆಮೊರಿಯಾದಾಗ

ಫೈಲ್ ಸಿಸ್ಟಮ್ ಅಳೆಯುವುದು ಇನ್ನೂ ಕಷ್ಟ. ಅದರ ಅರ್ಧ ಬದುಕು ಡಿಸ್ಕಿನಲ್ಲಿ, ಅರ್ಧ ಬದುಕು ಮೆಮೊರಿಯಲ್ಲಿ. ಒಮ್ಮೆ ಓದಿದ ಫೈಲನ್ನು ಕಾರ್ಯಾಚರಣ ವ್ಯವಸ್ಥೆ ಖಾಲಿ ಇರುವ ಮೆಮೊರಿಯಲ್ಲಿ ಉಳಿಸಿಕೊಳ್ಳುತ್ತದೆ. ಎರಡನೆಯ ಸಲ ಓದುವಾಗ ಡಿಸ್ಕಿನ ಕಡೆ ತಿರುಗಿಯೂ ನೋಡುವುದಿಲ್ಲ. ಬಳಕೆದಾರನಿಗೆ ಇದು ವರ, ಅಳೆಯುವವನಿಗೆ ಬಲೆ. ನಿಮಿಷಕ್ಕೆ 7,200 ಸುತ್ತು ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಬೇಕಾದ ಜಾಗ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ ನಾಲ್ಕು ಮಿಲಿಸೆಕೆಂಡಿಗೂ ಹೆಚ್ಚು. ಮೆಮೊರಿಗೆ ಬೇಕಾದದ್ದು ನೂರು ನ್ಯಾನೊಸೆಕೆಂಡ್. ನಡುವೆ 40,000 ಪಟ್ಟು ಅಂತರ. 192 ಗಿಗಾಬೈಟ್ ಮೆಮೊರಿಯ ಸರ್ವರ್‌ನಲ್ಲಿ ಹತ್ತು ಗಿಗಾಬೈಟ್ ಫೈಲನ್ನು ಎರಡನೆಯ ಸಲ ಓದಿ ‘ನಮ್ಮ ಡಿಸ್ಕಿನ ವೇಗ ಇಷ್ಟು’ ಎಂದರೆ ಆ ಮಾತಿನಲ್ಲಿ ಡಿಸ್ಕೇ ಇಲ್ಲ. ಟಿಮ್ ಬ್ರೇ ಬರೆದ ಬಾನಿಯಂಥ ಹಳೆಯ ಪರೀಕ್ಷೆಗಳೇ ಮೆಮೊರಿಗಿಂತ ಬಹಳ ದೊಡ್ಡ ಫೈಲ್ ಬಳಸಬೇಕೆಂದು ಪಟ್ಟು ಹಿಡಿದದ್ದು ಈ ಕಾರಣಕ್ಕೆ.

ಸಂಶೋಧಕ ಎರೆಜ್ ಝಾಡೋಕ್ ಮತ್ತು ಸಂಗಡಿಗರು 2011ರಲ್ಲಿ ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದರು. ಒಂದೇ ಯಂತ್ರ, ಒಂದೇ ಫೈಲ್ ಸಿಸ್ಟಮ್, ಒಂದೇ ಪರೀಕ್ಷೆ. ಬದಲಾಯಿಸಿದ್ದು ಫೈಲಿನ ಗಾತ್ರ ಮಾತ್ರ. ಆ ಗಾತ್ರ ಮೆಮೊರಿಯ ಅಂಚನ್ನು ದಾಟಿದ್ದೇ ತಡ, ಓದುವ ವೇಗ ಹತ್ತು ಪಟ್ಟಿನ ಮಟ್ಟದಲ್ಲಿ ಕುಸಿಯಿತು. ಅಂಚಿನ ಈಚೆ ಅಳೆದವರೂ ಆಚೆ ಅಳೆದವರೂ ಒಂದೇ ಯಂತ್ರದ ಬಗ್ಗೆ ಎರಡು ತೀರ್ಪು ಕೊಡುತ್ತಾರೆ, ಇಬ್ಬರೂ ಪ್ರಾಮಾಣಿಕರೇ. ಅಂಚಿನ ಮೇಲೆಯೇ ಅಳೆದವರಿಗೆ ಪ್ರತಿ ಸಲವೂ ಬೇರೆ ಉತ್ತರ.

ಬರೆಯುವಾಗಿನ ಬಲೆ ಇನ್ನೂ ಆಳ. ಪ್ರೋಗ್ರಾಮ್ ಫೈಲಿಗೆ ಬರೆದಾಗ ದತ್ತಾಂಶ ಮೊದಲು ಮೆಮೊರಿಗೆ ಸೇರುತ್ತದೆ, ‘ಬರೆದಾಯಿತು’ ಎಂಬ ಉತ್ತರವೂ ಆಗಲೇ ಬಂದುಬಿಡುತ್ತದೆ. ಡಿಸ್ಕಿಗೆ ಹೋಗುವುದು ಆಮೇಲೆ. ಆ ನಡುವೆ ವಿದ್ಯುತ್ ಹೋದರೆ ಬರೆದದ್ದು ಇಲ್ಲವಾಗುತ್ತದೆ. ಡಿಸ್ಕಿಗೆ ತಲುಪಿತೆಂದು ಖಚಿತಪಡಿಸಿಕೊಳ್ಳಲು ಎಫ್‌ಸಿಂಕ್ ಎಂಬ ಕರೆ ಇದೆ. ಬ್ಯಾಂಕಿನ ವ್ಯವಹಾರ, ಆಸ್ಪತ್ರೆಯ ದಾಖಲೆ ಇಂಥವಕ್ಕೆ ಅದು ಬೇಕೇ ಬೇಕು. ಎಫ್‌ಸಿಂಕ್ ಇಲ್ಲದೆ ಅಳೆದ ಬರವಣಿಗೆಯ ವೇಗ ಮೆಮೊರಿಯಿಂದ ಮೆಮೊರಿಗೆ ನಕಲು ಮಾಡಿದ ವೇಗ, ಅಷ್ಟೆ. ಅದೂ ಬಹಳ ಹೊತ್ತು ಉಳಿಯುವುದಿಲ್ಲ. ಡಿಸ್ಕಿಗೆ ಹೋಗದೆ ಬಾಕಿ ಉಳಿದ ದತ್ತಾಂಶ ಬಳಸಬಹುದಾದ ಮೆಮೊರಿಯ ಶೇ 20ನ್ನು ಮುಟ್ಟಿದರೆ, ಲಿನಕ್ಸ್ ತನ್ನ ಮೂಲ ಹೊಂದಾಣಿಕೆಯಂತೆ ಬರೆಯುವ ಪ್ರೋಗ್ರಾಮನ್ನೇ ತಡೆದು ನಿಲ್ಲಿಸುತ್ತದೆ. ಹತ್ತು ಸೆಕೆಂಡಿನ ಪರೀಕ್ಷೆಯಲ್ಲಿ ಮಿಂಚಿದ ಯಂತ್ರ ಹತ್ತು ನಿಮಿಷದ ಪರೀಕ್ಷೆಯಲ್ಲಿ ಏದುಸಿರು ಬಿಡುವುದಕ್ಕೆ ಇದೂ ಒಂದು ಕಾರಣ.

80 ಕೋರ್, ಒಂದೇ ಫೋಲ್ಡರ್

ಈಗಿನ ಎನ್‌ವಿಎಂಇ ಡಿಸ್ಕ್‌ಗಳಲ್ಲಿ ತಿರುಗುವ ಚಕ್ರವಿಲ್ಲ. ಓದಲು ಬೇಕಾದದ್ದು ಮಿಲಿಸೆಕೆಂಡ್ ಅಲ್ಲ, ಮೈಕ್ರೊಸೆಕೆಂಡ್. ಡಿಸ್ಕ್ ವೇಗವಾದಾಗ ಅದರ ಹಿಂದೆ ಮರೆಯಾಗಿದ್ದ ಫೈಲ್ ಸಿಸ್ಟಮ್‌ನ ಸ್ವಂತ ತೊಡಕುಗಳು ಎದ್ದು ಕಾಣತೊಡಗಿದವು. ಜಾರ್ಜಿಯಾ ಟೆಕ್‌ನ ಸಂಶೋಧಕರು 2016ರಲ್ಲಿ ಎಫ್‌ಎಕ್ಸ್‌ಮಾರ್ಕ್ ಎಂಬ ಪರೀಕ್ಷಾಸರಣಿಯನ್ನು ಪ್ರಕಟಿಸಿದರು. ಲಿನಕ್ಸ್‌ನ ಐದು ಫೈಲ್ ಸಿಸ್ಟಮ್‌ಗಳು, 80 ಕೋರ್‌ಗಳ ಯಂತ್ರ, 19 ಕಿರು ಪರೀಕ್ಷೆಗಳು. ಪ್ರತಿ ಪರೀಕ್ಷೆಯೂ ಒಂದೇ ಒಂದು ಕ್ರಿಯೆಯನ್ನು ಒರೆಗೆ ಹಚ್ಚುತ್ತದೆ: ಪ್ರತಿ ಕೋರ್ ತನ್ನದೇ ಫೈಲ್ ಓದಿದರೆ ಹೇಗೆ? ಎಲ್ಲ ಕೋರ್‌ಗಳೂ ಒಂದೇ ಫೈಲ್ ಓದಿದರೆ? ಒಂದೇ ಫೈಲಿನ ಒಂದೇ ತುಣುಕನ್ನು ಓದಿದರೆ?

ಬರೀ ಓದುವುದಾದರೆ ಯಾರಿಗೆ ಯಾರೂ ಅಡ್ಡಬರಲಾರರು ಎಂದೇ ನಾವು ತಿಳಿಯುತ್ತೇವೆ. ಎಲ್ಲ ಕೋರ್‌ಗಳೂ ಒಂದೇ ತುಣುಕನ್ನು ಓದಿದಾಗ ವೇಗ ಏರಲಿಲ್ಲ, ಕುಸಿಯಿತು. ಆ ತುಣುಕನ್ನು ಈಗ ಎಷ್ಟು ಜನ ಬಳಸುತ್ತಿದ್ದಾರೆ ಎಂಬ ಎಣಿಕೆಯನ್ನು ಕರ್ನಲ್ ಇಟ್ಟುಕೊಳ್ಳಬೇಕು. ಓದುವ ಪ್ರತಿಯೊಂದು ಕೋರ್ ಆ ಎಣಿಕೆಯನ್ನು ತಿದ್ದಬೇಕು. ಓದುವುದು ಕೂಡ ಹೀಗೆ ಬರೆಯುವ ಕೆಲಸವಾಗಿ, ಆ 64 ಬೈಟ್‌ಗಳ ಎಳೆದಾಟ ಮತ್ತೆ ಶುರುವಾಗುತ್ತದೆ. ಒಂದೇ ಫೋಲ್ಡರಿನಲ್ಲಿ ಹೊಸ ಫೈಲ್‌ಗಳನ್ನು ಸೃಷ್ಟಿಸಲು ಹೋದರೆ ಆ ಫೋಲ್ಡರಿನ ಲಾಕ್ ಎದುರಾಗುತ್ತದೆ. ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ಹೆಸರು ಬದಲಿಸಿ ಸಾಗಿಸಲು ಹೋದರೆ ಇಡೀ ಫೈಲ್ ಸಿಸ್ಟಮ್‌ಗೇ ಒಂದು ಲಾಕ್. ಒಂದೇ ಫೈಲಿನ ಬೇರೆ ಬೇರೆ ಭಾಗಗಳಿಗೆ ಬೇರೆ ಬೇರೆ ಕೋರ್‌ಗಳು ಬರೆದರೂ, ಪರೀಕ್ಷಿಸಿದ ಹೆಚ್ಚಿನ ಫೈಲ್ ಸಿಸ್ಟಮ್‌ಗಳಲ್ಲಿ ಅವು ಸಾಲಿನಲ್ಲೇ ನಿಲ್ಲಬೇಕಿತ್ತು.

ಇದರಿಂದ ತಂತ್ರಾಂಶ ಬರೆಯುವವರಿಗೆ ನೇರವಾದ ಬುದ್ಧಿ ಸಿಗುತ್ತದೆ. ಒಂದೇ ದೊಡ್ಡ ಫೋಲ್ಡರಿಗೆ ಎಲ್ಲವನ್ನೂ ಸುರಿಯಬೇಡಿ, ಹಲವು ಫೋಲ್ಡರುಗಳಿಗೆ ಹಂಚಿ. ಎಂಐಟಿ ಪರೀಕ್ಷೆಯಲ್ಲೂ ಎಕ್ಸಿಮ್ ತನ್ನ ಇಮೇಲ್‌ಗಳನ್ನು 62 ಫೋಲ್ಡರುಗಳಿಗೆ ಹಂಚುವಂತೆ ಸಿದ್ಧಪಡಿಸಿದ್ದರು. ಹಂಚಿಕೊಳ್ಳುವುದು ಅನಿವಾರ್ಯವಲ್ಲದ ಕಡೆ ಹಂಚಿಕೊಳ್ಳಬೇಡಿ ಎನ್ನುವುದು ಬಹುಕೋರ್ ಯಂತ್ರಗಳ ಮೊದಲ ನೀತಿ.

ಏನನ್ನು ಕೇಳಬೇಕು?

ಝಾಡೋಕ್ ಅವರೇ ಇದ್ದ ತಂಡವೊಂದು 2008ರಲ್ಲಿ 106 ಸಂಶೋಧನಾ ಪ್ರಬಂಧಗಳಲ್ಲಿ ಬಳಕೆಯಾದ 415 ಬೆಂಚ್‌ಮಾರ್ಕ್‌ಗಳನ್ನು ಕೂಲಂಕಷವಾಗಿ ನೋಡಿತು. ಜನಪ್ರಿಯವಾದ ಹೆಚ್ಚಿನವುಗಳಲ್ಲಿ ದೋಷವಿದೆ, ಹಲವು ಪ್ರಬಂಧಗಳು ನಿಜವಾದ ಸಾಮರ್ಥ್ಯದ ಸ್ಪಷ್ಟ ಚಿತ್ರ ಕೊಡುವುದಿಲ್ಲ ಎಂಬ ತೀರ್ಮಾನಕ್ಕೆ ಬಂತು. ವಿದ್ವಾಂಸರ ಪ್ರಬಂಧಗಳ ಪಾಡೇ ಇದಾದರೆ ಮಾರಾಟದ ಕರಪತ್ರಗಳಲ್ಲಿನ ಅಂಕಿಗಳನ್ನು ನಾವು ಎಷ್ಟು ಎಚ್ಚರದಿಂದ ನೋಡಬೇಕು!

ಸರ್ವರ್ ಕೊಳ್ಳುವ ಕಾಲೇಜು, ಸಹಕಾರಿ ಬ್ಯಾಂಕು, ಸರ್ಕಾರಿ ಇಲಾಖೆ, ಪುಟ್ಟ ಕಂಪನಿ, ಯಾರೇ ಇರಲಿ, ಟೆಂಡರಿನಲ್ಲಿ ಕೋರ್ ಎಷ್ಟು, ಮೆಮೊರಿ ಎಷ್ಟು ಎಂದು ಬರೆದು ಮುಗಿಸಬಾರದು. ನಮ್ಮ ಕೆಲಸವನ್ನೇ ಹೋಲುವ ಒಂದು ಪರೀಕ್ಷೆಯನ್ನು ಒಂದು ಕೋರ್‌ನಿಂದ ಎಲ್ಲ ಕೋರ್‌ಗಳವರೆಗೆ ಓಡಿಸಿ ರೇಖೆ ತೋರಿಸಿ ಎಂದು ಕೇಳಬೇಕು. ದತ್ತಾಂಶದ ಗಾತ್ರ ಕ್ಯಾಶ್‌ಗಿಂತ, ಮೆಮೊರಿಗಿಂತ ಎಷ್ಟು ದೊಡ್ಡದಿತ್ತು? ಪರೀಕ್ಷೆಗೆ ಮುನ್ನ ಮೆಮೊರಿಯಲ್ಲಿ ಉಳಿದಿದ್ದ ಫೈಲ್‌ಗಳನ್ನು ತೆರವು ಮಾಡಿದ್ದರೇ? ಬರೆದದ್ದು ಡಿಸ್ಕಿಗೆ ತಲುಪಿತೆಂದು ಖಚಿತಪಡಿಸಿಕೊಂಡರೇ? ಎಷ್ಟು ಸಲ ಓಡಿಸಿದರು, ಉತ್ತರಗಳು ಎಷ್ಟು ಏರುಪೇರಾದವು? ಸರಾಸರಿಯ ಜತೆಗೆ, ನೂರರಲ್ಲಿ ತೀರಾ ತಡವಾದ ಒಂದು ಬೇಡಿಕೆಗೆ ಎಷ್ಟು ಹೊತ್ತು ಹಿಡಿಯಿತು? ಕೌಂಟರಿನ ಮುಂದೆ ನಿಂತ ನಾಗರಿಕನಿಗೆ ತಟ್ಟುವುದು ಆ ನೂರನೆಯದೇ.

ಒಂದು ಕೋರ್‌ನ ಅಳತೆಯನ್ನೂ ಅನುಮಾನದಿಂದ ನೋಡಬೇಕು. ಉಳಿದ ಕೋರ್‌ಗಳು ಬಿಡುವಾಗಿದ್ದಾಗ ಪ್ರೊಸೆಸರ್ ತನ್ನ ಗಡಿಯಾರದ ವೇಗವನ್ನು ಏರಿಸಿಕೊಳ್ಳುತ್ತದೆ. ಮೇಲೆ ಹೇಳಿದ 8268 ಮಾದರಿ 2.9ರಿಂದ 3.9 ಗಿಗಾಹರ್ಟ್ಸ್‌ವರೆಗೆ ಏರಬಲ್ಲದು. ಆ ಒಂಟಿ ಓಟವನ್ನು 24ರಿಂದ ಗುಣಿಸಿ ಸಿಗುವ ಸಂಖ್ಯೆಯನ್ನು ಯಾವ ಚಿಪ್ಪೂ ಮುಟ್ಟುವುದಿಲ್ಲ. ಕ್ಲೌಡ್‌ನಲ್ಲಿ ಬಾಡಿಗೆಗೆ ಪಡೆದ ಯಂತ್ರವಾದರೆ ಒಂದು ವಿಸಿಪಿಯು ಎಂದರೆ ಹಲವು ಕಡೆ ಒಂದು ಪೂರ್ತಿ ಕೋರ್ ಅಲ್ಲ, ಅದರ ಎರಡು ಥ್ರೆಡ್‌ಗಳಲ್ಲಿ ಒಂದು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಇದಕ್ಕೆಲ್ಲ ದುಬಾರಿ ಪ್ರಯೋಗಾಲಯ ಬೇಕಿಲ್ಲ ಎನ್ನುವುದು ಸಂತೋಷದ ಸಂಗತಿ. ಸ್ಟ್ರೀಮ್ ಸಿ ಭಾಷೆಯ ಒಂದೇ ಫೈಲಿನ ಪ್ರೋಗ್ರಾಮ್. ಯೆನ್ಸ್ ಆಕ್ಸ್‌ಬೋ ಬರೆದ, ಡಿಸ್ಕ್ ಮತ್ತು ಫೈಲ್ ಸಿಸ್ಟಮ್ ಅಳೆಯುವ ಎಫ್‌ಐಒ ಎಲ್ಲರಿಗೂ ಉಚಿತ. ಎಲ್‌ಎಂಬೆಂಚ್, ಎಫ್‌ಎಕ್ಸ್‌ಮಾರ್ಕ್‌ಗಳೂ ಮುಕ್ತವಾಗಿ ಸಿಗುತ್ತವೆ. ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಲ್ಯಾಪ್‌ಟಾಪ್‌ಗಳಲ್ಲಿ ಈಗ ಆರೆಂಟು ಕೋರ್‌ಗಳು ಸಾಮಾನ್ಯ. ಒಂದು, ಎರಡು, ನಾಲ್ಕು, ಎಂಟು ಥ್ರೆಡ್‌ಗಳಲ್ಲಿ ಟ್ರಯಡ್ ಓಡಿಸಿ ರೇಖೆ ಎಳೆದರೆ, ಎಲ್ಲ ಕೋರ್‌ಗಳೂ ದುಡಿಮೆಗೆ ಇಳಿಯುವ ಮುನ್ನವೇ ಅದು ಮಟ್ಟಸವಾಗುವುದನ್ನು ಹೆಚ್ಚಿನವರು ತಮ್ಮ ಕಣ್ಣಿನಿಂದಲೇ ಕಾಣುತ್ತಾರೆ. ಕಾರ್ಯಾಚರಣ ವ್ಯವಸ್ಥೆಯ ಪಾಠದಲ್ಲಿ ಲಾಕ್, ಕ್ಯಾಶ್ ಎಂದು ಉರು ಹೊಡೆದದ್ದಕ್ಕೆ ಆಗ ಅರ್ಥ ಹುಟ್ಟುತ್ತದೆ. ಪ್ರತಿ ಕಂಪ್ಯೂಟರ್ ವಿಜ್ಞಾನ ವಿಭಾಗದ ಪ್ರಯೋಗ ಪುಸ್ತಕದಲ್ಲಿ ಈ ಒಂದು ಪ್ರಯೋಗ ಇರಲೇಬೇಕೆಂದು ನಾನು ಬಲವಾಗಿ ನಂಬಿದ್ದೇನೆ.

ಅಳತೆ ನಂಬಿಕೆಗೆ ಅರ್ಹವಾಗುವುದು ಇನ್ನೊಬ್ಬರು ಅದನ್ನು ಮತ್ತೆ ಮಾಡಿ ನೋಡಬಲ್ಲರಾದಾಗ. ಮೆಕ್ಯಾಲ್ಪಿನ್ ತಮ್ಮ ಪ್ರೋಗ್ರಾಮಿನ ಮೂಲವನ್ನೂ ನಿಯಮಗಳನ್ನೂ ಬಹಿರಂಗವಾಗಿ ಇಟ್ಟದ್ದರಿಂದಲೇ 1990ರ ದಶಕದ ಯಂತ್ರವನ್ನೂ ಇಂದಿನದನ್ನೂ ಒಂದೇ ಸಾಲಿನಲ್ಲಿ ಇಟ್ಟು ನೋಡಲು ಸಾಧ್ಯವಾಗಿದೆ. ಎಂಐಟಿಯವರು ಎಷ್ಟು ಕೋರ್‌ಗಳಲ್ಲಿ ಏನಾಯಿತೆಂದು ಬಿಡಿಸಿ ಹೇಳಿದ್ದರಿಂದಲೇ ಲಿನಕ್ಸ್‌ನ ತೊಡಕುಗಳು ಎಲ್ಲಿವೆಯೆಂದು ಎಲ್ಲರಿಗೂ ತಿಳಿಯಿತು. ಸಾರ್ವಜನಿಕರ ಹಣದಲ್ಲಿ ಕೊಳ್ಳುವ ಪ್ರತಿಯೊಂದು ದೊಡ್ಡ ಯಂತ್ರಕ್ಕೂ ಇದೇ ಕಟ್ಟುಪಾಡು ಬರಲಿ: ಖರೀದಿಯ ಮುನ್ನ ನಮ್ಮ ಕೆಲಸದ ಮೇಲೆ ಅಳತೆ ಆಗಲಿ, ಅಳೆದ ವಿಧಾನವೂ ರೇಖೆಯೂ ಎಲ್ಲರಿಗೂ ಕಾಣುವಂತೆ ಪ್ರಕಟವಾಗಲಿ. ಹಾಗಾದರೆ ಕೋರ್‌ಗಳಿಗೆ ಕೊಟ್ಟ ಹಣ ಕೆಲಸಕ್ಕೆ ಬಂತೋ, ಬರೀ ಕಾಯುವುದಕ್ಕೆ ಹೋಯಿತೋ ಎಂದು ಯಾವ ನಾಗರಿಕನಾದರೂ ನೋಡಿ ಹೇಳಬಹುದು.